ಮೈ ತಿಕ್ಕುವಾಗ ಕೈ ಹಗುರ ಇರಲಿ

ಮೈ ಉಜ್ಜಿದಾಗ ಉಂಡೆಯಾಗಿ ಬರುವುದೆಲ್ಲ ಬರೀ ಕೊಳೆಯಲ್ಲ. ಅದರಲ್ಲಿ ಸತ್ತ ಚರ್ಮವೂ ಇರುತ್ತದೆ. ಕೊಳೆ ಎಂದುಕೊಂಡು ಇನ್ನೂ ಜೋರಾಗಿ ತಿಕ್ಕುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ.

ಮೇಲ್ಚರ್ಮದ ತಳದಲ್ಲಿ ಸದಾ ಹೊಸ ಜೀವಕೋಶಗಳು ಹುಟ್ಟುತ್ತಿರುತ್ತವೆ. ಹಳೆಯವು ಮೇಲಕ್ಕೆ ಸರಿಯುತ್ತವೆ. ಸರಿಯುತ್ತಾ ಕೆರಾಟಿನ್ ಎಂಬ ಗಟ್ಟಿ ಪ್ರೋಟೀನ್ ತುಂಬಿಕೊಂಡು ಚಪ್ಪಟೆಯಾಗಿ, ಗಟ್ಟಿಯಾಗಿ, ಕೊನೆಗೆ ಸಾಯುತ್ತವೆ. ಆದರೆ ಸತ್ತ ಮೇಲೂ ಅವಕ್ಕೆ ಕೆಲಸ ಇದೆ. ಹೆಂಚು ಹೊದಿಸಿದ ಹಾಗೆ ಸುಮಾರು 15-20 ಪದರ ಕೂತು, ನಡುನಡುವೆ ಜಿಡ್ಡು ಇಟ್ಟುಕೊಂಡು, ಮೈಯ ನೀರು ಆರದಂತೆ, ರೋಗಾಣು ನುಗ್ಗದಂತೆ ಕಾಯುತ್ತವೆ. ಆಮೇಲೆ ತಾವಾಗಿಯೇ ಉದುರುತ್ತವೆ. ಹರೆಯದಲ್ಲಿ ಹುಟ್ಟಿ ಉದುರುವ ಈ ಒಂದು ಸುತ್ತು ಮುಗಿಯಲು ಒಂದು ತಿಂಗಳು, ಇಲ್ಲವೇ ಅದಕ್ಕಿಂತ ತುಸು ಜಾಸ್ತಿ ಬೇಕು. ವಯಸ್ಸಾದಂತೆ ಇನ್ನೂ ನಿಧಾನ. ಹಾಗಾಗಿ ಅವಸರದಿಂದ ಕಿತ್ತು ತೆಗೆಯುವುದು ಏನೂ ಇಲ್ಲ.

ಸುಡುಸುಡು ನೀರು ಆ ಜಿಡ್ಡನ್ನೇ ಕರಗಿಸಿಬಿಡುತ್ತದೆ. ಉಗುರುಬೆಚ್ಚಗಿನ ನೀರು ಸಾಕು. ಸಾಬೂನು ಕ್ಷಾರ, ಚರ್ಮಕ್ಕೆ ಬೇಕಿರುವುದು ತುಸು ಹುಳಿ ಗುಣ. ಚಳಿಗಾಲದಲ್ಲಿ ಕಂಕುಳು, ತೊಡೆಸಂದು, ಪಾದ ಬಿಟ್ಟು ಉಳಿದ ಕಡೆ ಸಾಬೂನು ಕಡಿಮೆ ಮಾಡಿ. ಬೇಕಿದ್ದರೆ ನುಣ್ಣಗಿನ ಹೆಸರುಹಿಟ್ಟು ಹಚ್ಚಿ, ಆದರೆ ಒರಟಾಗಿ ಉಜ್ಜಬೇಡಿ. ಒರೆಸುವಾಗಲೂ ಟವೆಲ್ ಒತ್ತಿದರೆ ಸಾಕು. ಮೈ ಇನ್ನೂ ತೇವ ಇರುವಾಗಲೇ ಕೊಬ್ಬರಿ ಎಣ್ಣೆಯೋ ವ್ಯಾಸಲಿನ್ನೋ ಸವರಿಬಿಡಿ, ನೀರಿನಂಶ ಅಲ್ಲೇ ನಿಲ್ಲುತ್ತದೆ. ಮೊಡವೆ ಬರುವ ಮುಖಕ್ಕೆ ಮಾತ್ರ ಕೊಬ್ಬರಿ ಎಣ್ಣೆ ಬೇಡ.

ಮುಖಕ್ಕೆ ನಿಂಬೆರಸ, ಅಡುಗೆ ಸೋಡಾ ಹಚ್ಚುವುದನ್ನು ದಯವಿಟ್ಟು ಬಿಡಿ. ನಿಂಬೆರಸ ಹಚ್ಚಿಕೊಂಡು ಬಿಸಿಲಿಗೆ ಹೋದರೆ ಚರ್ಮ ಸುಟ್ಟು ಕಪ್ಪು ಕಲೆ ಉಳಿಯಬಹುದು.

ಅಂಗಾಲಿನ ಮಾತೇ ಬೇರೆ. ಅಲ್ಲಿ ಸತ್ತ ಪದರ ಬಹಳ ದಪ್ಪ. ಒಣಗಿದಾಗ ಹಿಮ್ಮಡಿ ಒಡೆಯುತ್ತದೆ. ಬೆಚ್ಚಗಿನ ನೀರಲ್ಲಿ ಹತ್ತು ನಿಮಿಷ ನೆನೆಸಿ, ಕಲ್ಲಿನಿಂದ ಮೆಲ್ಲಗೆ ತಿಕ್ಕಿ, ವ್ಯಾಸಲಿನ್ ಹಚ್ಚಿ, ಹತ್ತಿ ಕಾಲುಚೀಲ ಹಾಕಿ ಮಲಗಿ. ಬ್ಲೇಡಿನಿಂದ ಹೆರೆಯಲೇಬೇಡಿ. ಸಕ್ಕರೆ ಕಾಯಿಲೆ ಇದ್ದವರು ಕಲ್ಲನ್ನೂ ಮುಟ್ಟಬಾರದು, ಗಾಯವಾದರೂ ಗೊತ್ತಾಗದೆ ಹೋಗಬಹುದು. ಪಾದವನ್ನು ವೈದ್ಯರಿಗೇ ತೋರಿಸಿ.

ಕೆಂಪು ಮಚ್ಚೆಯ ಮೇಲೆ ಬೆಳ್ಳಗೆ ದಪ್ಪ ಹೊಟ್ಟು ಏಳುತ್ತಿದ್ದರೂ ಮನೆಮದ್ದು ಬೇಡ. ಅದು ಸೋರಿಯಾಸಿಸ್ ಎಂಬ ಚರ್ಮದ ಕಾಯಿಲೆ ಇರಬಹುದು. ಅದರಲ್ಲಿ ಜೀವಕೋಶ ಹುಟ್ಟಿ ಮೇಲೇರುವ ತಿಂಗಳ ಕೆಲಸ ಕೆಲವೇ ದಿನಗಳಲ್ಲಿ ಮುಗಿದು ಚರ್ಮ ರಾಶಿಯಾಗುತ್ತದೆ. ಅದು ಅಂಟುರೋಗವಲ್ಲ, ಯಾರನ್ನೂ ದೂರ ಕೂರಿಸಬೇಡಿ. ಚರ್ಮದ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ.