ಕಾಸರಗೋಡಿನಿಂದ ಅಂತಾರಾಷ್ಟ್ರೀಯ ಕಿರುಚಿತ್ರ ಉತ್ಸವಕ್ಕೆ: ಸ್ಪರ್ಧೆಗೆ ಚಿತ್ರ ಕಳುಹಿಸುವ ಬಗೆ

ಪೆರ್ಲ, ಬದಿಯಡ್ಕ, ಮುಳ್ಳೇರಿಯದ ಕಡೆಯ ತೋಟದ ಮನೆಗಳಲ್ಲಿ ಮೊಬೈಲಿನಿಂದಲೋ ಬಾಡಿಗೆ ಕ್ಯಾಮೆರಾದಿಂದಲೋ ಚಿತ್ರೀಕರಿಸಿ, ಮಂಗಳೂರಿನ ಯಾವುದಾದರೂ ಸ್ಟುಡಿಯೋದಲ್ಲಿ ಧ್ವನಿಯನ್ನು ಸರಿಪಡಿಸಿಕೊಂಡು, ಸಂಕಲನ ಮುಗಿದ ವಾರದಲ್ಲೇ ಕಿರುಚಿತ್ರವನ್ನು ಯೂಟ್ಯೂಬಿಗೆ ಏರಿಸಿಬಿಡುವುದು ನಮ್ಮ ಕಡೆಯ ರೂಢಿಯಾಗಿದೆ. ಚಿತ್ರವನ್ನು ಉತ್ಸವದ ಸ್ಪರ್ಧೆಗೆ ಕಳುಹಿಸುವ ಆಸೆಯಿದ್ದರೆ ಮೊದಲು ಬಿಡಬೇಕಾದದ್ದು ಈ ರೂಢಿಯನ್ನು. ತಮ್ಮಲ್ಲಿ ಬರುವ ಚಿತ್ರ ಅದಕ್ಕೆ ಮೊದಲು ಸಾರ್ವಜನಿಕವಾಗಿ ಕಾಣಿಸಿಕೊಂಡಿರಬಾರದೆಂದು ಬಯಸುವ ಉತ್ಸವಗಳು ಅನೇಕ; ಕೆಲವಕ್ಕೆ ಅದು ಜಗತ್ತಿನಲ್ಲೇ ಮೊದಲ ಪ್ರದರ್ಶನವಾಗಬೇಕು, ಕೆಲವಕ್ಕೆ ಆ ದೇಶದಲ್ಲಿ ಮೊದಲನೆಯದಾದರೆ ಸಾಕು. ಅಂತರ್ಜಾಲದಲ್ಲಿ ಬಿಟ್ಟ ಚಿತ್ರಕ್ಕೆ ಇವೆರಡೂ ತಪ್ಪುತ್ತವೆ. ಆಯ್ಕೆದಾರರಿಗೆ ತೋರಿಸಲು ವಿಮಿಯೋ ಎಂಬ ವಿಡಿಯೋ ತಾಣದಲ್ಲಿ ಪಾಸ್‌ವರ್ಡ್ ಹಾಕಿದ ಕೊಂಡಿ ಸಾಕಾಗುತ್ತದೆ. ಅದರ ಪಾಸ್‌ವರ್ಡನ್ನು ಸ್ಪರ್ಧೆ ಮುಗಿಯುವ ತನಕ ಬದಲಿಸಬಾರದು. ನಟರಿಗೂ ಕೆಲಸ ಮಾಡಿದವರಿಗೂ ಊರಿನಲ್ಲಿ ಒಮ್ಮೆ ಖಾಸಗಿಯಾಗಿ ತೋರಿಸುವುದನ್ನು ಸಾಮಾನ್ಯವಾಗಿ ಯಾರೂ ಪ್ರಥಮ ಪ್ರದರ್ಶನವೆಂದು ಲೆಕ್ಕ ಹಿಡಿಯುವುದಿಲ್ಲ. ಆದರೆ ಪತ್ರಿಕೆಯಲ್ಲಿ ಪ್ರಕಟಣೆ ಕೊಟ್ಟು, ಟಿಕೆಟ್ ಇಟ್ಟು ತೋರಿಸಿದರೆ ಅದು ಬೇರೆಯೇ ಆಗುತ್ತದೆ.

ಎರಡನೆಯ ವಿಚಾರ ಅವಧಿ. ಚಿತ್ರ ಎಷ್ಟು ನಿಮಿಷದ್ದು ಎನ್ನುವಾಗ ಕೊನೆಯಲ್ಲಿ ಓಡುವ ಹೆಸರುಗಳನ್ನೂ ಸೇರಿಸಿಯೇ ಲೆಕ್ಕ ಹಾಕಬೇಕು. ಕಾನ್ ಉತ್ಸವದ ಕಿರುಚಿತ್ರ ಸ್ಪರ್ಧೆಗೆ ಗರಿಷ್ಠ 15 ನಿಮಿಷ, ವೆನಿಸ್‌ಗೆ 20, ಬರ್ಲಿನ್‌ಗೆ 30; ಆಸ್ಕರ್ ಕೊಡುವ ಅಕಾಡೆಮಿಯ ಲೆಕ್ಕದಲ್ಲಿ 40 ನಿಮಿಷ ದಾಟಿದ್ದು ಕಿರುಚಿತ್ರವೇ ಅಲ್ಲ. ಹದಿನೈದೂವರೆ ನಿಮಿಷದ ಚಿತ್ರದಲ್ಲಿ ಕೃತಜ್ಞತೆಯ ಪಟ್ಟಿಯೇ ಎರಡು ನಿಮಿಷ ಓಡುತ್ತಿರುವುದನ್ನು ನಾನು ನೋಡಿದ್ದೇನೆ. ಊರಿನ ಎಲ್ಲರ ಹೆಸರೂ ಬರಬೇಕೆಂಬ ನಮ್ಮ ದಾಕ್ಷಿಣ್ಯ ಒಳ್ಳೆಯದೇ, ಆದರೆ ಆ ಪಟ್ಟಿಯನ್ನು ತುಸು ವೇಗವಾಗಿ ಓಡಿಸಿದ್ದರೆ ಒಂದು ದೊಡ್ಡ ಬಾಗಿಲು ತೆರೆದೇ ಇರುತ್ತಿತ್ತು.

ಯಾವ ಉತ್ಸವಕ್ಕೆ ಕಳುಹಿಸಬೇಕು? ಕಾಸರಗೋಡಿನವರು ಮೊದಲು ನೋಡಬೇಕಾದದ್ದು ದಕ್ಷಿಣದ ಕಡೆಗೆ ಎಂಬುದು ನನ್ನ ಅಭಿಪ್ರಾಯ. ಕೇರಳ ರಾಜ್ಯ ಚಲಚಿತ್ರ ಅಕಾಡೆಮಿ 2008ರಿಂದ ತಿರುವನಂತಪುರದಲ್ಲಿ ನಡೆಸಿಕೊಂಡು ಬಂದಿರುವ ಅಂತಾರಾಷ್ಟ್ರೀಯ ಸಾಕ್ಷ್ಯಚಿತ್ರ ಮತ್ತು ಕಿರುಚಿತ್ರ ಉತ್ಸವದಲ್ಲಿ ಕಿರು ಕಥಾಚಿತ್ರಗಳಿಗೂ ಸಾಕ್ಷ್ಯಚಿತ್ರಗಳಿಗೂ ಪ್ರತ್ಯೇಕ ಸ್ಪರ್ಧೆಗಳಿವೆ. ಕೇರಳದ ವಿದ್ಯಾರ್ಥಿಗಳ ಕ್ಯಾಂಪಸ್ ಚಿತ್ರಗಳಿಗೂ ಒಂದು ವಿಭಾಗವಿದೆ. ಅಲ್ಲಿಗೆ ಮಲಯಾಳ ಚಿತ್ರಗಳಷ್ಟೇ ಹೋಗುತ್ತವೆ ಎಂಬ ತಪ್ಪು ಕಲ್ಪನೆ ನಮ್ಮವರಲ್ಲಿ ಗಟ್ಟಿಯಾಗಿ ಕೂತಿದೆ. ಕನ್ನಡ, ತುಳು, ಬ್ಯಾರಿ, ಯಾವ ಭಾಷೆಯ ಚಿತ್ರಕ್ಕೂ ಅಲ್ಲಿ ಅಡ್ಡಿಯಿಲ್ಲ, ಇಂಗ್ಲಿಷ್ ಉಪಶೀರ್ಷಿಕೆ (ಸಬ್‌ಟೈಟಲ್) ಇದ್ದರೆ ಸಾಕು; ಕಾಸರಗೋಡಿನ ಕಾಲೇಜಿನಲ್ಲಿ ಓದುವ ಕನ್ನಡದ ಹುಡುಗಿಯೂ ಕೇರಳದ ವಿದ್ಯಾರ್ಥಿನಿಯೇ. ಪೂರ್ವದಲ್ಲಿ ಬೆಂಗಳೂರು ಅಂತಾರಾಷ್ಟ್ರೀಯ ಕಿರುಚಿತ್ರೋತ್ಸವವಿದೆ. ಅದು ಆಸ್ಕರ್ ಅರ್ಹತೆ ಪಡೆದ ಉತ್ಸವ. ಈ ‘ಅರ್ಹತೆ’ ಎಂಬ ಪದವನ್ನು ಸರಿಯಾಗಿ ತಿಳಿದುಕೊಳ್ಳಬೇಕು: ಅಲ್ಲಿನ ನಿಗದಿತ ಪ್ರಶಸ್ತಿ ಗೆದ್ದ ಚಿತ್ರ ಆಸ್ಕರ್‌ನ ಕಿರುಚಿತ್ರ ವಿಭಾಗಕ್ಕೆ ಅರ್ಜಿ ಹಾಕಬಹುದು ಎಂದಷ್ಟೇ ಅದರ ಅರ್ಥ, ನಾಮನಿರ್ದೇಶನ ಇನ್ನೂ ಬಹಳ ದೂರವಿರುತ್ತದೆ. ವಿದೇಶದಲ್ಲಿ ಜರ್ಮನಿಯ ಓಬರ್‌ಹೌಸನ್ 1954ರಿಂದಲೂ ಫ್ರಾನ್ಸಿನ ಕ್ಲೆರ್ಮೋಂ-ಫೆರಾಂ 1979ರಿಂದಲೂ ಕಿರುಚಿತ್ರಕ್ಕೆಂದೇ ನಡೆಯುತ್ತಿವೆ. ಇವುಗಳಲ್ಲಿ ಆಯ್ಕೆಯಾದರೆ ಪ್ರಶಸ್ತಿ ಬಾರದಿದ್ದರೂ ಚಿತ್ರದ ಬದುಕು ಬದಲಾಗುತ್ತದೆ. ಕಳುಹಿಸುವ ಮೊದಲು ಆಯಾ ಉತ್ಸವದಲ್ಲಿ ಹಿಂದಿನ ಎರಡು ವರ್ಷ ಆಯ್ಕೆಯಾದ ಚಿತ್ರಗಳ ಪಟ್ಟಿಯನ್ನು ತೆಗೆದು, ಸಿಕ್ಕಿದಷ್ಟನ್ನು ನೋಡಬೇಕು. ನಿಮ್ಮದು ನಿಧಾನದ, ಮಾತು ಕಡಿಮೆಯ ಚಿತ್ರವಾಗಿದ್ದು ಅಲ್ಲಿ ಎಲ್ಲವೂ ತಿರುವಿನ ಕಥೆಗಳಾಗಿದ್ದರೆ ಶುಲ್ಕ ಕಟ್ಟುವುದು ದುಂದು.

ಹೆಚ್ಚಿನ ಉತ್ಸವಗಳಿಗೆ ಫಿಲ್ಮ್‌ಫ್ರೀವೇಯಂಥ ತಾಣಗಳ ಮೂಲಕವೇ ಅರ್ಜಿ ಹಾಕಬೇಕಾಗುತ್ತದೆ. ಅಲ್ಲಿ ಸಾವಿರಾರು ಉತ್ಸವಗಳ ಹೆಸರುಗಳಿರುತ್ತವೆ; ಅವುಗಳಲ್ಲಿ ಎಷ್ಟೋ ಉತ್ಸವಗಳಿಗೆ ಚಿತ್ರಮಂದಿರವೂ ಇಲ್ಲ, ಪ್ರೇಕ್ಷಕರೂ ಇಲ್ಲ. ನನ್ನ ಮೊದಲ ಚಿತ್ರವನ್ನು ಇಂಥದೊಂದಕ್ಕೆ ಹಣ ಕಟ್ಟಿ ಕಳುಹಿಸಿ, ಮೂರೇ ವಾರದಲ್ಲಿ ‘ವಿಜೇತ’ ಎಂಬ ಎಲೆಗಳ ಲಾಂಛನವನ್ನೂ ಒಂದು ಪಿಡಿಎಫ್ ಪ್ರಮಾಣಪತ್ರವನ್ನೂ ಪಡೆದು, ಪದಕ ಬೇಕಾದರೆ ಬೇರೆ ಹಣ ಕಳುಹಿಸಬೇಕೆಂಬ ಪತ್ರ ಬಂದಾಗ ಎಚ್ಚೆತ್ತೆ. ಪ್ರತಿ ತಿಂಗಳೂ ಪ್ರಶಸ್ತಿ ಹಂಚುವುದು, ವಿಭಾಗಗಳು ನೂರಕ್ಕೂ ಹೆಚ್ಚಿರುವುದು, ಪ್ರದರ್ಶನ ನಡೆಯುವ ಚಿತ್ರಮಂದಿರದ ಹೆಸರಾಗಲಿ ತೀರ್ಪುಗಾರರ ಹೆಸರಾಗಲಿ ಎಲ್ಲೂ ಇಲ್ಲದಿರುವುದು, ಇವಿಷ್ಟು ಕಂಡರೆ ಅತ್ತ ಹೋಗಬೇಡಿ.

ಶುಲ್ಕ ಕಟ್ಟುವಾಗ ಹೆಚ್ಚಿನವರು ಎಡವುವುದು ಕಾರ್ಡಿನಲ್ಲಿ. ರಿಸರ್ವ್ ಬ್ಯಾಂಕಿನ ನಿಯಮದಂತೆ 2020ರ ನಂತರ ಕೊಡುವ ಕಾರ್ಡುಗಳಲ್ಲಿ ವಿದೇಶಿ ವಹಿವಾಟು ಮೊದಲಿನಿಂದಲೇ ತೆರೆದಿರುವುದಿಲ್ಲ. ಬ್ಯಾಂಕಿನ ಆ್ಯಪ್‌ನಲ್ಲಿ ನಾವೇ ತೆರೆಯಬೇಕು, ಕೆಲಸ ಮುಗಿದ ಮೇಲೆ ಮುಚ್ಚಬೇಕು. ಕೊನೆಯ ದಿನಾಂಕ ಹತ್ತಿರವಾದಂತೆ ಶುಲ್ಕ ಏರುತ್ತಾ ಹೋಗುವುದರಿಂದ ಮೊದಲ ಗಡುವಿನಲ್ಲೇ ಕಳುಹಿಸುವುದು ಲಾಭ. ಗಡುವಿನ ಗಂಟೆ ಯಾವ ದೇಶದ್ದು ಎಂಬುದನ್ನೂ ನೋಡಿಕೊಳ್ಳಬೇಕು: ಫ್ರಾನ್ಸಿನ ಮಧ್ಯರಾತ್ರಿ ಬೇಸಿಗೆಯಲ್ಲಾದರೆ ನಮಗೆ ಮುಂಜಾವ ಮೂರೂವರೆ, ಚಳಿಗಾಲದಲ್ಲಾದರೆ ನಾಲ್ಕೂವರೆ.

ಇನ್ನು ಉಪಶೀರ್ಷಿಕೆ. ಇದರ ಬಗ್ಗೆ ನಾನು ಸ್ವಲ್ಪ ದೀರ್ಘವಾಗಿಯೇ ಹೇಳಬೇಕಾಗಿದೆ, ಏಕೆಂದರೆ ಕಾಸರಗೋಡಿನ ಚಿತ್ರ ಸೋಲುವುದಿದ್ದರೆ ಹೆಚ್ಚಾಗಿ ಇಲ್ಲಿಯೇ ಸೋಲುತ್ತದೆ. ಆಯ್ಕೆದಾರರು ನಿಮ್ಮ ಚಿತ್ರವನ್ನು ಕೇಳುವುದಿಲ್ಲ, ಓದುತ್ತಾರೆ. ಸಂಕಲನಕ್ಕೆ ತಿಂಗಳುಗಟ್ಟಲೆ ಕೊಟ್ಟವರು ಉಪಶೀರ್ಷಿಕೆಗೆ ಒಂದು ರಾತ್ರಿಯನ್ನೂ ಕೊಡದೆ, ಇಂಗ್ಲಿಷ್ ಬಲ್ಲ ಭಾವನ ಕೈಗೋ ಅನುವಾದ ಯಂತ್ರದ ಬಾಯಿಗೋ ಒಪ್ಪಿಸುತ್ತಾರೆ.

ನನ್ನದೇ ಉದಾಹರಣೆ ಕೊಡುತ್ತೇನೆ. ಅಡಿಕೆ ಮರ ಏರುವ ಒಬ್ಬ ಮುದುಕನ ಕೊನೆಯ ಮಳೆಗಾಲದ ಕುರಿತ ಹದಿನಾಲ್ಕು ನಿಮಿಷದ ಚಿತ್ರವದು. ಮೊದಲ ದೃಶ್ಯದಲ್ಲಿ ತೋಟದ ಯಜಮಾನರು ‘ಮದ್ದು ಬಿಡಲು ಜನ ಸಿಕ್ಕಲಿಲ್ಲ’ ಎನ್ನುತ್ತಾರೆ. ಮೈಲುತುತ್ತು ಮತ್ತು ಸುಣ್ಣ ಬೆರೆಸಿದ ಬೋರ್ಡೋ ದ್ರಾವಣವನ್ನು ಕೊಳೆರೋಗ ಬಾರದಂತೆ ಗೊನೆಗಳಿಗೆ ಸಿಂಪಡಿಸುವುದೆಂದು ನಮಗೆ ಹೇಳಿಕೊಡಬೇಕಾಗಿಲ್ಲ. ಉಪಶೀರ್ಷಿಕೆ ಬರೆದ ಗೆಳೆಯ ‘ಮದ್ದು’ ಎಂದಲ್ಲಿ ‘ಮೆಡಿಸಿನ್’ ಎಂದು ಹಾಕಿದ್ದ. ಚಿತ್ರ ನೋಡಿದ ಹೊರನಾಡಿನವರೊಬ್ಬರು ಮುಗಿಯುವ ತನಕ ಮನೆಯೊಳಗೆ ಯಾರೋ ಕಾಯಿಲೆ ಬಿದ್ದಿದ್ದಾರೆಂದೇ ಕಾಯುತ್ತಿದ್ದರಂತೆ. ಅದೇ ಚಿತ್ರದಲ್ಲಿ ಮುದುಕನ ಮಗಳು ತುಳುವಿನಲ್ಲಿ ‘ಅಮ್ಮೆರ್ ಬತ್ತೆರ್’ ಎನ್ನುತ್ತಾಳೆ. ತುಳು ಬಾರದ ಕನ್ನಡದ ಕಿವಿಗೆ ಅಮ್ಮ ಬಂದಳೆಂದೇ ಕೇಳಿಸುತ್ತದೆ, ಗೆಳೆಯನೂ ‘ಮದರ್’ ಎಂದೇ ಬರೆದಿದ್ದ. ತುಳುವಿನಲ್ಲಿ ಅಮ್ಮೆ ಎಂದರೆ ತಂದೆ, ಅಪ್ಪೆ ಎಂದರೆ ತಾಯಿ. ಅಂಗಳಕ್ಕೆ ಬಂದು ನಿಂತದ್ದು ಮುದುಕ, ಪರದೆಯ ಕೆಳಗೆ ಬರೆದದ್ದು ತಾಯಿ! ಆ ಪ್ರತಿ ನಾಲ್ಕು ಉತ್ಸವಗಳಿಗೆ ಹೋಗಿಯಾದ ಮೇಲೆ ನಮಗೆ ಇದು ಗೊತ್ತಾಯಿತು.

ಆದ್ದರಿಂದ ಚಿತ್ರದಲ್ಲಿ ಎಷ್ಟು ಭಾಷೆಗಳಿವೆಯೋ ಅಷ್ಟೂ ಭಾಷೆಗಳನ್ನು ಮನೆಮಾತಾಗಿ ಆಡುವವರನ್ನು ಕೂರಿಸಿಕೊಂಡು ಮೊದಲು ಸಂಭಾಷಣೆಯ ಪಟ್ಟಿಯನ್ನು ಕನ್ನಡದಲ್ಲೇ, ಅರ್ಥ ಸಹಿತ ಸಿದ್ಧಪಡಿಸಬೇಕು. ಅದರಿಂದ ಇಂಗ್ಲಿಷಿಗೆ ಹೋಗಬೇಕು. ‘ಬರ್ತೇನೆ’ ಎಂದು ಹೇಳಿ ಹೊರಡುವವನನ್ನು ಇಂಗ್ಲಿಷಿನಲ್ಲಿ ‘ಬರುತ್ತೇನೆ’ ಎಂದೇ ಕೂರಿಸಿದರೆ ಹೋಗುತ್ತಿರುವವನು ಬರುತ್ತೇನೆ ಎನ್ನುವುದೇಕೆಂದು ಓದುವವನು ಗೊಂದಲಕ್ಕೆ ಬೀಳುತ್ತಾನೆ. ಭಾಷೆಯಿಂದ ಭಾಷೆಗೆ ಜಿಗಿಯುವುದು ನಮಗೆ ಉಸಿರಾಟದಷ್ಟು ಸಹಜ: ಮುದುಕ ನೆರೆಯವರೊಡನೆ ಕನ್ನಡದಲ್ಲಿ ಮಾತಾಡುತ್ತಾ, ಬಸ್ಸಿನ ಕಂಡಕ್ಟರನಿಗೆ ಮಲಯಾಳದಲ್ಲಿ ಉತ್ತರಿಸಿ, ಫೋನಿನಲ್ಲಿ ಮಗಳಿಗೆ ತುಳುವಿನಲ್ಲಿ ಗದರುತ್ತಾನೆ. ಇಂಗ್ಲಿಷಿನಲ್ಲಿ ಇದೆಲ್ಲವೂ ಒಂದೇ ಬಣ್ಣದ ಸಾಲುಗಳಾಗಿ ಕಾಣುತ್ತದೆ. ಕಥೆ ಆ ಜಿಗಿತವನ್ನು ನೆಚ್ಚಿದ್ದರೆ ಮಾತ್ರ, ಭಾಷೆ ಬದಲಾಗುವ ಮೊದಲ ಸಾಲಿನ ಮುಂದೆ ಭಾಷೆಯ ಹೆಸರನ್ನು ಕಂಸದಲ್ಲಿ ಕೊಡಬೇಕು. ಓರೆ ಅಕ್ಷರವನ್ನು ಇದಕ್ಕೆ ಬಳಸಬಾರದು. ಪರದೆಯಾಚೆಯಿಂದ ಕೇಳುವ ದನಿಗೆ ಓರೆ ಅಕ್ಷರ ಬಳಸುವುದು ಎಲ್ಲೆಡೆಯ ವಾಡಿಕೆ. ಭಾಷೆಗೊಂದು ಬಣ್ಣ ಕೊಡುವುದು ನನಗಂತೂ ಜಾತ್ರೆಯ ದೀಪಾಲಂಕಾರದಂತೆ ಕಾಣುತ್ತದೆ.

ತಾಂತ್ರಿಕವಾಗಿ ಹೇಳುವುದಾದರೆ ಒಂದು ಬಾರಿಗೆ ಎರಡೇ ಸಾಲು, ಸಾಲಿಗೆ ಸುಮಾರು 40 ಅಕ್ಷರ. ಯಾವ ಸಾಲೂ ಒಂದು ಸೆಕೆಂಡಿಗಿಂತ ಕಡಿಮೆ ಅಥವಾ ಏಳು ಸೆಕೆಂಡಿಗಿಂತ ಹೆಚ್ಚು ಹೊತ್ತು ನಿಲ್ಲಬಾರದು. ಸಬ್‌ಟೈಟಲ್ ಎಡಿಟ್ ಎಂಬ ಉಚಿತ ತಂತ್ರಾಂಶದಲ್ಲಿ ಎಸ್‌ಆರ್‌ಟಿ ಕಡತವಾಗಿ (ಸಾಲುಗಳೂ ಅವುಗಳ ಸಮಯವೂ ಇರುವ ಪ್ರತ್ಯೇಕ ಪಠ್ಯ ಕಡತ) ಇದನ್ನು ಮಾಡಿಟ್ಟುಕೊಂಡರೆ, ಆಯ್ಕೆಯಾದ ಮೇಲೆ ಫ್ರೆಂಚಿಗೋ ಮಲಯಾಳಕ್ಕೋ ತಿರುಗಿಸಲು ಉತ್ಸವದವರಿಗೆ ಅನುಕೂಲವಾಗುತ್ತದೆ. ಮುಗಿದ ಮೇಲೆ ನಮ್ಮ ಯಾವ ಭಾಷೆಯೂ ಬಾರದ ಒಬ್ಬರಿಗೆ ಧ್ವನಿ ಆರಿಸಿ ಚಿತ್ರ ತೋರಿಸಿ, ಕಥೆ ಹೇಳಿಸಬೇಕು.

ಹಕ್ಕುಗಳ ವಿಚಾರದಲ್ಲಿ ನಮ್ಮವರು ಧಾರಾಳಿಗಳು. ಯಕ್ಷಗಾನದ ಹಳೆಯ ಪ್ರಸಂಗಗಳ ಪದ್ಯಗಳಿಗೆ ಈಗ ಹಕ್ಕುದಾರರಿಲ್ಲ, ಕವಿ ತೀರಿಕೊಂಡು 60 ವರ್ಷ ಕಳೆದರೆ ಕೃತಿಸ್ವಾಮ್ಯ ಮುಗಿಯುತ್ತದೆ. ಆದರೆ ಆ ಪದ್ಯವನ್ನು ಇಂದಿನ ಭಾಗವತರೊಬ್ಬರು ಹಾಡಿದ ಧ್ವನಿಮುದ್ರಣ ಬೇರೆಯೇ ಆಸ್ತಿ. ಅದು ಹೊರಬಂದ ಮೇಲೆ 60 ವರ್ಷ ಅದಕ್ಕೆ ರಕ್ಷಣೆಯಿದೆ. ಯಾರದೋ ಮೊಬೈಲಿನಲ್ಲಿದ್ದ ಆಟದ ಧ್ವನಿಯನ್ನು ಕತ್ತರಿಸಿ ಅಂಟಿಸುವುದಕ್ಕಿಂತ, ಪರಿಚಯದ ಭಾಗವತರನ್ನು ಕರೆಸಿ ಎರಡು ಪದ್ಯ ಹಾಡಿಸಿ, ಒಂದು ಹಾಳೆಯಲ್ಲಿ ಒಪ್ಪಿಗೆ ಬರೆಸಿಕೊಳ್ಳುವುದು ಲೇಸು. ಭೂತಕೋಲವನ್ನೋ ತೆಯ್ಯಂ ಅನ್ನೋ ಚಿತ್ರೀಕರಿಸಿದ್ದರೆ ಸ್ಥಾನದ ಆಡಳಿತದವರಿಂದಲೂ ವೇಷ ಕಟ್ಟಿದವರಿಂದಲೂ ಬರಹದಲ್ಲಿ ಒಪ್ಪಿಗೆ ಇರಲಿ. ಸೆನ್ಸಾರ್ ಪ್ರಮಾಣಪತ್ರ ನಮ್ಮ ದೇಶದ ಉತ್ಸವಗಳಿಗೆ ಸಾಮಾನ್ಯವಾಗಿ ಬೇಡ, ಕೇಂದ್ರ ವಾರ್ತಾ ಮತ್ತು ಪ್ರಸಾರ ಸಚಿವಾಲಯದಿಂದ ವಿನಾಯಿತಿ ಪಡೆಯುವುದು ಉತ್ಸವದವರ ಹೊಣೆ. ಆ ವಿನಾಯಿತಿ ಯಾವಾಗಲೂ ಸಿಕ್ಕೇ ಸಿಗುತ್ತದೆಂದಲ್ಲ: 2017ರಲ್ಲಿ ತಿರುವನಂತಪುರದ ಉತ್ಸವಕ್ಕೆ ಆಯ್ಕೆಯಾಗಿದ್ದ ಮೂರು ಸಾಕ್ಷ್ಯಚಿತ್ರಗಳಿಗೆ ಅದನ್ನು ನಿರಾಕರಿಸಲಾಗಿತ್ತು.

ಅರ್ಜಿಯ ಜೊತೆ ಒಂದು ಸಾಲಿನ ಕಥೆ, ನೂರು ಪದಗಳ ಸಾರಾಂಶ, ನಿರ್ದೇಶಕರ ಪರಿಚಯ, ಮೂರು ನಾಲ್ಕು ಸ್ಥಿರಚಿತ್ರಗಳು ಮತ್ತು ಪೋಸ್ಟರ್ ಬೇಕು. ಸಾರಾಂಶದಲ್ಲಿ ‘ಮಾನವೀಯ ಮೌಲ್ಯಗಳನ್ನು ಸಾರುವ ಹೃದಯಸ್ಪರ್ಶಿ ಚಿತ್ರ’ ಎಂದು ಬರೆಯುವುದರಿಂದ ಯಾರಿಗೂ ಏನೂ ತಿಳಿಯುವುದಿಲ್ಲ. ‘ಎಪ್ಪತ್ತು ದಾಟಿದ ಅಡಿಕೆ ಕೊಯ್ಲಿನವನು ಮಗಳಿಗೆ ಕೊಟ್ಟ ಮಾತು ಮುರಿದು, ಮಳೆ ಹಿಡಿಯುವ ಹಿಂದಿನ ದಿನ ಮತ್ತೆ ಮರ ಏರುತ್ತಾನೆ’ ಎಂದರೆ ನೋಡುವವನಿಗೆ ಒಂದು ಮರ, ಒಬ್ಬ ಮನುಷ್ಯ, ಒಂದು ಭಯ ಸಿಗುತ್ತದೆ. ಸ್ಥಿರಚಿತ್ರಗಳನ್ನು ಚಿತ್ರದಿಂದಲೇ ತೆಗೆಯಬೇಕು, ಕ್ಯಾಮೆರಾ ಹಿಡಿದು ನಿಂತ ನಿರ್ದೇಶಕರ ಫೋಟೋ ಅದಲ್ಲ.

ಆಯ್ಕೆಯ ಪತ್ರ ಬಂದರೆ ಉತ್ಸವದವರು ಡಿಸಿಪಿ ಕೇಳುತ್ತಾರೆ. ಚಿತ್ರಮಂದಿರದ ಪ್ರೊಜೆಕ್ಟರ್ ಓದುವ ಕಡತಗಳ ಕಟ್ಟು ಅದು. ಸ್ಟುಡಿಯೋಗಳು ಇದಕ್ಕೆ ಒಳ್ಳೆಯ ಹಣ ಕೇಳುತ್ತವೆ. ಡಿಸಿಪಿ-ಓ-ಮ್ಯಾಟಿಕ್ ಎಂಬ ಉಚಿತ ತಂತ್ರಾಂಶದಲ್ಲಿ ಮನೆಯ ಕಂಪ್ಯೂಟರಿನಲ್ಲೇ ಮಾಡಬಹುದು. ಅದಕ್ಕೆ ಚಿತ್ರ ಸೆಕೆಂಡಿಗೆ 24 ಚೌಕಟ್ಟುಗಳಲ್ಲಿದ್ದರೆ ಎಲ್ಲವೂ ಸುಗಮ. ಮೊಬೈಲಿನಲ್ಲಿ 30 ಚೌಕಟ್ಟುಗಳಲ್ಲಿ ಚಿತ್ರೀಕರಿಸಿ ಕೊನೆಗೆ 24ಕ್ಕೆ ಇಳಿಸಿದರೆ ಓಡುವ ಬಸ್ಸು ತಡವರಿಸಿದಂತೆ ಕಾಣುತ್ತದೆ, ಆದ್ದರಿಂದ ಇದನ್ನು ಚಿತ್ರೀಕರಣದ ಮೊದಲ ದಿನವೇ ಸರಿಮಾಡಿಕೊಳ್ಳಬೇಕು. ಹದಿನೈದು ನಿಮಿಷದ ಚಿತ್ರವನ್ನು ಸೆಕೆಂಡಿಗೆ 100 ಮೆಗಾಬಿಟ್ ಲೆಕ್ಕದಲ್ಲಿ ಕಟ್ಟಿದರೆ ಸುಮಾರು 11 ಜಿಬಿ ಆಗುತ್ತದೆ. ಸೆಕೆಂಡಿಗೆ 10 ಮೆಗಾಬಿಟ್ ವೇಗದ ಅಂತರ್ಜಾಲದಲ್ಲಿ ಅದನ್ನು ಏರಿಸಲು ಎರಡೂವರೆ ಗಂಟೆ ಬೇಕು. ಆಷಾಢದ ಮಳೆಯಲ್ಲಿ ನಮ್ಮ ಕಡೆ ಎರಡೂವರೆ ಗಂಟೆ ಕರೆಂಟು ಹೋಗದೆ ಉಳಿಯುವುದು ಅದೃಷ್ಟದ ಮಾತು, ಹಾಗಾಗಿ ಗಡುವಿಗೆ ಮೂರು ದಿನ ಇರುವಾಗಲೇ ಕಾಸರಗೋಡು ಪೇಟೆಯಲ್ಲೋ ಮಂಗಳೂರಿನಲ್ಲೋ ಒಳ್ಳೆಯ ಸಂಪರ್ಕವಿರುವ ಜಾಗದಲ್ಲಿ ಕುಳಿತು ಮುಗಿಸುವುದು ಜಾಣತನ.

ತಿರುವನಂತಪುರಕ್ಕಾದರೆ ಒಂದು ರಾತ್ರಿಯ ರೈಲು, ಹೋಗಿಯೇ ಬಿಡಬೇಕು. ಪ್ರದರ್ಶನಕ್ಕೆ ಮೊದಲು ಎರಡು ನಿಮಿಷ ಪರೀಕ್ಷೆಗೆ ಓಡಿಸಿ ತೋರಿಸುವಂತೆ ಪ್ರೊಜೆಕ್ಷನ್ ಕೋಣೆಯವರನ್ನು ವಿನಯದಿಂದ ಕೇಳಿ, ಹಿಂದಿನ ಸಾಲಿನಲ್ಲಿ ಕುಳಿತು, ಮಾತು ಪರದೆಯ ನಡುವಿನಿಂದ ಬರುತ್ತಿದೆಯೇ, ಉಪಶೀರ್ಷಿಕೆಯ ಕೆಳಗಿನ ಸಾಲು ಕತ್ತರಿಸಿ ಹೋಗಿದೆಯೇ ಎಂದು ನೋಡಿಕೊಳ್ಳಬೇಕು. ಆಯ್ಕೆಯಾಗದಿದ್ದರೆ ಕಾರಣ ಕೇಳಿ ಪತ್ರ ಬರೆಯುವುದರಲ್ಲಿ ಪ್ರಯೋಜನವಿಲ್ಲ, ಯಾರೂ ಹೇಳುವುದಿಲ್ಲ. ಚಿತ್ರ ಪೂರ್ಣಗೊಂಡ ದಿನಾಂಕ ಇನ್ನೂ ಯಾವ ಯಾವ ಉತ್ಸವಗಳ ನಿಯಮದೊಳಗೆ ಬರುತ್ತದೆಂದು ನೋಡಿ, ಅದೇ ಕಡತವನ್ನು ಮುಂದಿನದಕ್ಕೆ ಕಳುಹಿಸಬೇಕು, ಅಮ್ಮೆರ್ ಎಂಬಲ್ಲಿ ತಂದೆ ಎಂದೇ ಇದೆಯೇ ಎಂದು ಮತ್ತೊಮ್ಮೆ ನೋಡಿಕೊಂಡು.