ವಿಮಾನಕ್ಕೆ ಬುತ್ತಿ: ಒಲೆ ಆರಿಸಿದ ಹೊತ್ತಿನಿಂದ ಲೆಕ್ಕ ಹಾಕಿ

ಬೆಂಗಳೂರಿನಿಂದ ದೆಹಲಿಗೆ ವಿಮಾನ ಹಾರುವುದು ಎರಡೂಮುಕ್ಕಾಲು ಗಂಟೆ. ಅಷ್ಟಕ್ಕೆ ಬುತ್ತಿ ಯಾಕೆ ಅನ್ನುವವರು ಬರೀ ಹಾರಾಟದ ಹೊತ್ತನ್ನು ಎಣಿಸುತ್ತಾರೆ. ಜಯನಗರದಿಂದ ದೇವನಹಳ್ಳಿ ಕಡೆಯ ನಿಲ್ದಾಣ ಮುಟ್ಟಲು ಒಂದೂವರೆಯಿಂದ ಎರಡು ಗಂಟೆ, ಅಲ್ಲಿ ಎರಡು ಗಂಟೆ ಮುಂಚೆ ಇರಬೇಕು, ಇಳಿದ ಮೇಲೆ ಸಾಮಾನಿಗೆ ಕಾದು ಟ್ಯಾಕ್ಸಿ ಹಿಡಿದು ಮನೆ ಸೇರಲು ಇನ್ನೊಂದೂವರೆ. ಎಲ್ಲ ಕೂಡಿದರೆ ಎಂಟು ಗಂಟೆ. ಅಷ್ಟರಲ್ಲಿ ಒಂದು ತಿಂಡಿ, ಒಂದು ಊಟ, ನಡುವೆ ಮಕ್ಕಳ ಬಾಯಾಡಿಕೆ ಬಂದೇ ಬರುತ್ತವೆ. ಕಡಿಮೆ ದರದ ವಿಮಾನಗಳಲ್ಲಿ ಊಟಕ್ಕೆ ಬೇರೆ ದುಡ್ಡು. ನಿಲ್ದಾಣದ ಹೋಟೆಲಿನಲ್ಲಿ ಒಬ್ಬರ ತಿಂಡಿ ಕಾಫಿಗೆ ಮುನ್ನೂರು ರೂಪಾಯಿ ದಾಟುವುದು ಸುಲಭ. ನಾಲ್ಕು ಜನರ ಸಂಸಾರ ಹೋಗಿ ಬರುವಷ್ಟರಲ್ಲಿ ಇದೇ ಎರಡು ಮೂರು ಸಾವಿರ ಆಗುತ್ತದೆ. ಅದೇ ಬುತ್ತಿಗೆ ಮನೆಯಲ್ಲಿ ಇನ್ನೂರು ರೂಪಾಯಿ ಸಾಮಾನು ಸಾಕು.

ದೇಶದೊಳಗಿನ ವಿಮಾನದಲ್ಲಿ ಮನೆಯ ತಿಂಡಿ ತಂದು ತಿನ್ನಲು ಅಡ್ಡಿಯಿಲ್ಲ. ಸಂಕೋಚ ಪಡಬೇಕಾದದ್ದೂ ಇಲ್ಲ. ಆದರೆ ಸಿಬ್ಬಂದಿ ಅದನ್ನು ಬಿಸಿ ಮಾಡಿ ಕೊಡುತ್ತಾರೆಂದು ನೆಚ್ಚಬೇಡಿ. ಹಾಗಾಗಿ ಬುತ್ತಿಯ ಮೊದಲ ಪ್ರಶ್ನೆ ಏನು ರುಚಿ ಅನ್ನುವುದಲ್ಲ. ಒಲೆ ಆರಿಸಿದ ಮೇಲೆ ಎಷ್ಟು ಗಂಟೆ ಕೆಡದೆ ಇರುತ್ತದೆ, ತಣ್ಣಗೆ ತಿಂದರೂ ಚೆನ್ನಾಗಿರುತ್ತದೆಯೇ ಅನ್ನುವುದು. ಬೆಳಗ್ಗೆ ಐದಕ್ಕೆ ಮಾಡಿದ್ದನ್ನು ಹನ್ನೆರಡಕ್ಕೆ ತಿನ್ನುವುದಾದರೆ ಅದು ಏಳು ಗಂಟೆಯ ಬುತ್ತಿ. ವಿಮಾನ ತಡವಾದರೆ ಹತ್ತು ಗಂಟೆಯದು. ಹತ್ತು ಗಂಟೆ ತಡೆಯದ ಪದಾರ್ಥವನ್ನು ಮನೆಯಲ್ಲೇ ತಿಂದು ಹೊರಡಿ.

ಈ ಲೆಕ್ಕದಲ್ಲಿ ಪುಳಿಯೋಗರೆಯನ್ನು ಮೀರಿಸುವುದು ಕಷ್ಟ. ಹುಣಸೆಯ ಹುಳಿ, ಉಪ್ಪು, ಎಳ್ಳೆಣ್ಣೆ ಮೂರೂ ಸೇರಿ ಅನ್ನವನ್ನು ಕಾಯುತ್ತವೆ. ಇಬ್ಬರಿಗೆ ಒಂದು ಪಾವು ಅಕ್ಕಿ, ಅಂದರೆ ಸುಮಾರು 200 ಗ್ರಾಂ ಸಾಕು. ನೀರು ಅಕ್ಕಿಯ ಎರಡರಷ್ಟು ಮಾತ್ರ ಇಡಿ, ಅನ್ನ ಉದುರುದುರಾಗಿ ಬರಬೇಕು. ಕುಕ್ಕರಿನ ಒತ್ತಡ ಇಳಿದ ತಕ್ಷಣ ಅಗಲದ ತಟ್ಟೆಗೆ ಸುರಿದು, ಎರಡು ಚಮಚ ಎಳ್ಳೆಣ್ಣೆ ಹಾಕಿ, ಬೆರಳಿಗಿಂತ ದಪ್ಪವಾಗದಂತೆ ಹರಡಿ ಫ್ಯಾನಿನ ಕೆಳಗಿಡಿ. ಅರ್ಧ ಗಂಟೆಯೊಳಗೆ ಕೈಗೆ ಬಿಸಿ ತಾಗದಷ್ಟು ಆರಬೇಕು. ಆಮೇಲೆ ಮೂರು ದೊಡ್ಡ ಚಮಚ ಗೊಜ್ಜು ಕಲಸಿ. ಹಸಿ ತೆಂಗಿನ ತುರಿ ಹಾಕಲೇಬೇಡಿ, ಬುತ್ತಿಯಲ್ಲಿ ಮೊದಲು ಹಳಸುವುದು ಅದೇ. ಈರುಳ್ಳಿಯೂ ಬೇಡ. ಕಡಲೆಕಾಯಿ ಬೀಜವನ್ನು ಚೆನ್ನಾಗಿ ಹುರಿದು ಕೊನೆಗೆ ಸೇರಿಸಿ, ಮೊದಲೇ ಹಾಕಿದರೆ ಮೆತ್ತಗಾಗುತ್ತದೆ.

ಅನ್ನ ಆರಿಸುವ ಈ ಕೆಲಸವನ್ನು ಅವಸರದಲ್ಲಿ ಬಿಡುವವರೇ ಹೆಚ್ಚು. ಅಕ್ಕಿಯಲ್ಲಿ ಬೆಸಿಲಸ್ ಸೀರಿಯಸ್ ಅನ್ನುವ ಸೂಕ್ಷ್ಮಜೀವಿಯ ಬೀಜಾಣುಗಳು ಇರಬಹುದು, ಬೇಯಿಸಿದರೂ ಅವು ಸಾಯುವುದಿಲ್ಲ. ಅನ್ನ ಬೆಚ್ಚಗೆ ಗಂಟೆಗಟ್ಟಲೆ ಕುಳಿತರೆ ಅವು ಮೊಳೆತು ಹೆಚ್ಚುತ್ತವೆ, ವಾಂತಿ ಭೇದಿ ಬರಿಸುವ ವಿಷವನ್ನು ಉಗುಳುತ್ತವೆ. ಅದರಲ್ಲಿ ವಾಂತಿ ಬರಿಸುವ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ. ಬಿಸಿ ಅನ್ನವನ್ನು ಹಾಗೇ ಡಬ್ಬಿಗೆ ತುಂಬಿ ಮುಚ್ಚಿದರೆ ನಡುಭಾಗ ಮೂರು ನಾಲ್ಕು ಗಂಟೆ ಬೆಚ್ಚಗೇ ಉಳಿಯುತ್ತದೆ. ಮುಚ್ಚಳದಲ್ಲಿ ಬೆವರಿದ ನೀರು ಮೇಲಿನ ಅನ್ನಕ್ಕೆ ತೊಟ್ಟಿಕ್ಕಿ ನೊಳೆ ಬರಿಸುತ್ತದೆ. ಚಿತ್ರಾನ್ನಕ್ಕೂ ಇದೇ ಕ್ರಮ, ಆದರೆ ನಿಂಬೆಯ ಬಲ ಹುಣಸೆಯಷ್ಟಿಲ್ಲ. ಹತ್ತು ಗಂಟೆಯ ಲೆಕ್ಕಕ್ಕೆ ಅದು ನಿಲ್ಲದು, ಒಯ್ದರೆ ಆರೇಳು ಗಂಟೆಯೊಳಗೆ ತಿಂದು ಮುಗಿಸಿ. ಒಲೆ ಆರಿಸಿದ ಮೇಲೆ ನಿಂಬೆ ಹಿಂಡಬೇಕು, ಕುದಿಸಿದರೆ ಕಹಿ. ಮೊಸರನ್ನದ ಆಸೆ ಬಿಡಿ. ತಪಾಸಣೆಯಲ್ಲಿ ತಕರಾರು, ಡಬ್ಬಿಯಲ್ಲಿ ಸೋರಿಕೆ, ಬೇಸಿಗೆಯಲ್ಲಿ ಹುಳಿ, ಮೂರೂ ಕಷ್ಟ ಅದರದೇ.

ಅನ್ನ ಬೇಡದವರಿಗೆ ಚಪಾತಿ. 250 ಗ್ರಾಂ ಗೋಧಿ ಹಿಟ್ಟಿಗೆ ಅರ್ಧ ಚಮಚ ಉಪ್ಪು, ಎರಡು ಚಮಚ ಎಣ್ಣೆ, 150 ಮಿಲಿಯಷ್ಟು ಬಿಸಿನೀರು. ತಣ್ಣೀರಲ್ಲಿ ಕಲಸಿದ ಚಪಾತಿ ಆರು ಗಂಟೆಗೆ ಬಿರುಸಾಗುತ್ತದೆ, ಬಿಸಿನೀರಿನದು ಮೆತ್ತಗಿರುತ್ತದೆ. ಅರ್ಧ ಗಂಟೆ ನೆನೆಯಲು ಬಿಡಿ. ಲಟ್ಟಿಸುವಾಗ ಒಣಹಿಟ್ಟು ಆದಷ್ಟು ಕಡಿಮೆ ಬಳಸಿ. ಹೆಂಚು ಚೆನ್ನಾಗಿ ಕಾದಿರಲಿ, ಸಣ್ಣ ಉರಿಯಲ್ಲಿ ತಡವಾಗಿ ಬೆಂದರೆ ಹಪ್ಪಳದ ಹಾಗೆ ಒಣಗುತ್ತದೆ. ಒಂಬತ್ತು ಹತ್ತು ಚಪಾತಿ ಆಗುತ್ತವೆ. ಹೆಂಚಿನಿಂದ ಇಳಿಸಿ ತೆಳ್ಳಗೆ ತುಪ್ಪ ಸವರಿ, ಹತ್ತಿಬಟ್ಟೆಯೊಳಗೆ ಒಂದರ ಮೇಲೊಂದು ಇಟ್ಟು ಸಂಪೂರ್ಣ ಆರಿದ ಮೇಲೆ ಫಾಯಿಲ್ ಸುತ್ತಿ. ಬಿಸಿಯಲ್ಲೇ ಫಾಯಿಲ್ ಸುತ್ತಿದರೆ ಕೆಳಗಿನ ಎರಡು ಚಪಾತಿ ಒದ್ದೆಯಾಗಿ ಅಂಟಿಕೊಳ್ಳುತ್ತವೆ. ಒಳಗೆ ಆಲೂಗಡ್ಡೆಯ ಒಣ ಪಲ್ಯವನ್ನೋ ಚಟ್ನಿಪುಡಿ ತುಪ್ಪವನ್ನೋ ಸವರಿ ಸುರುಳಿ ಮಾಡಿದರೆ ತಟ್ಟೆ ಚಮಚ ಯಾವುದೂ ಬೇಡ. ಮಕ್ಕಳು ಕೈಯಲ್ಲೇ ಹಿಡಿದು ತಿನ್ನುತ್ತಾರೆ.

ಇಡ್ಲಿಯಾದರೆ ಸಣ್ಣ ತಟ್ಟೆಯಲ್ಲಿ ಬೇಯಿಸಿ, ಪೂರಾ ಆರಿಸಿ, ಎರಡೂ ಬದಿಗೆ ಎಳ್ಳೆಣ್ಣೆಯಲ್ಲಿ ಕಲಸಿದ ಚಟ್ನಿಪುಡಿ ಹಚ್ಚಿ. ಬಿಸಿ ಇಡ್ಲಿಗೆ ಹಚ್ಚಿದರೆ ಎಣ್ಣೆ ಹೀರಿಕೊಂಡು ಪುಡಿಪುಡಿಯಾಗುತ್ತದೆ. ಉತ್ತರ ಕರ್ನಾಟಕದವರಿಗೆ ಈ ತಲೆನೋವೇ ಇಲ್ಲ. ಖಡಕ್ ಜೋಳದ ರೊಟ್ಟಿ, ಶೇಂಗಾ ಚಟ್ನಿಪುಡಿ, ಸಿಹಿಗೆ ಶೇಂಗಾ ಹೋಳಿಗೆ, ಮೂರೂ ದಿನಗಟ್ಟಲೆ ಇರುವಂಥವು. ಖಡಕ್ ರೊಟ್ಟಿಯನ್ನು ಮಾತ್ರ ಮುರಿದು ಡಬ್ಬಿಗೆ ತುಂಬಿ, ಇಡಿಯಾಗಿ ಒಯ್ದರೆ ಹೇಗೂ ಚೂರಾಗಿಯೇ ಸಿಗುತ್ತದೆ. ಪಕ್ಕದವರಿಗೆ ಶೇಂಗಾ ಅಲರ್ಜಿ ಇದೆಯೆಂದು ಸಿಬ್ಬಂದಿ ಹೇಳಿದರೆ ಅದನ್ನು ತೆರೆಯಬೇಡಿ. ಕೆಲವರಿಗೆ ಅದು ಜೀವಕ್ಕೇ ಎರವಾಗುವ ವಿಷಯ.

ಹಣ್ಣಿನಲ್ಲಿ ಸ್ವಲ್ಪ ಗಟ್ಟಿಯಿರುವ ಏಲಕ್ಕಿ ಬಾಳೆ, ಕಿತ್ತಳೆ ಒಳ್ಳೆಯವು, ಚಾಕು ಬೇಡ. ಕ್ಯಾಬಿನ್ ಚೀಲದಲ್ಲಿ ಚಾಕು ಬಿಡುವುದಿಲ್ಲ. ಸೇಬನ್ನು ಮನೆಯಲ್ಲೇ ಹೆಚ್ಚಿ, ಎರಡು ಲೋಟ ನೀರಿಗೆ ಅರ್ಧ ಚಮಚ ಉಪ್ಪು ಕರಗಿಸಿ ಐದು ನಿಮಿಷ ಮುಳುಗಿಸಿ ಬಸಿದರೆ ಕಪ್ಪಾಗುವುದಿಲ್ಲ. ಕಡಲೆ, ಅವರೆಕಾಳು, ಮೂಲಂಗಿ, ಕೋಸು ಆ ದಿನ ಬೇಡ. ಮೇಲೇರಿದಂತೆ ಕ್ಯಾಬಿನ್ನಿನ ಒತ್ತಡ ಇಳಿಯುತ್ತದೆ, ಹೊಟ್ಟೆಯೊಳಗಿನ ವಾಯು ಹಿಗ್ಗುತ್ತದೆ. ಹಿತಕಿದ ಅವರೆಬೇಳೆ ಸಾರು ಉಂಡು ವಿಮಾನ ಹತ್ತಿದವರ ಪಾಡು ಅವರಿಗೇ ಗೊತ್ತು. ಹಲಸಿನ ಹಣ್ಣು, ಒಣಮೀನು, ಬೆಳ್ಳುಳ್ಳಿ ಜಾಸ್ತಿ ಹಾಕಿದ ಪಲ್ಯ ಇವೂ ಬೇಡ, ವಾಸನೆಯಿಂದ ಓಡಿಹೋಗಲು ಅಲ್ಲಿ ಕಿಟಕಿ ತೆರೆಯುವುದಿಲ್ಲ.

ಅದೇ ಒತ್ತಡ ಡಬ್ಬಿಗಳಿಗೂ ಕಾಟ ಕೊಡುತ್ತದೆ. ಹಾರಾಟದಲ್ಲಿ ಕ್ಯಾಬಿನ್ನಿನ ಒತ್ತಡ ಸಾಮಾನ್ಯವಾಗಿ 6,000ದಿಂದ 8,000 ಅಡಿ ಎತ್ತರದ ಬೆಟ್ಟದ ಮೇಲಿದ್ದಷ್ಟಿರುತ್ತದೆ. ಬೆಂಗಳೂರು ಮೊದಲೇ 3,000 ಅಡಿಯಲ್ಲಿರುವುದರಿಂದ ಇಲ್ಲಿ ಮುಚ್ಚಿದ ಡಬ್ಬಿಯ ಗಾಳಿ ಹೆಚ್ಚೆಂದರೆ ಐದನೇ ಒಂದು ಪಾಲು ಹಿಗ್ಗಲು ನೋಡುತ್ತದೆ. ಕಡಲ ಮಟ್ಟದ ಮುಂಬೈ, ಚೆನ್ನೈಗಳಲ್ಲಿ ಮುಚ್ಚಿದ್ದಾದರೆ ಮೂರನೇ ಒಂದು ಪಾಲು. ಚಿಪ್ಸ್ ಪೊಟ್ಟಣ ಉಬ್ಬುವುದು, ಬಿಗಿ ಮುಚ್ಚಳ ತೆರೆದೊಡನೆ ಎಣ್ಣೆ ಚಿಮ್ಮಿ ಸೀರೆ ಹಾಳಾಗುವುದು ಇದರಿಂದಲೇ. ಪೊಟ್ಟಣದ ಗಾಳಿ ಒತ್ತಿ ಹೊರಹಾಕಿ ಮುಚ್ಚಿ. ಎಣ್ಣೆ ಪದಾರ್ಥದ ಡಬ್ಬಿಯನ್ನು ಮುಕ್ಕಾಲು ಭಾಗವಷ್ಟೇ ತುಂಬಿ, ತಿನ್ನುವಾಗ ಬಟ್ಟೆ ಮುಚ್ಚಿ ನಿಧಾನಕ್ಕೆ ತೆರೆಯಿರಿ. ಸ್ಟೀಲ್ ಕ್ಯಾರಿಯರ್ ಬೇಡ. ತೂಕವೂ ಹೆಚ್ಚು, ಎಕ್ಸ್‌ರೇಯಲ್ಲಿ ಒಳಗಿನದು ಕಾಣದೆ ತೆರೆಸುವುದೂ ಹೆಚ್ಚು. ಹಗುರ ಪ್ಲಾಸ್ಟಿಕ್ ಡಬ್ಬಿಯೊಳಗೆ ಬಾಡಿಸಿದ ಬಾಳೆ ಎಲೆಯ ಪೊಟ್ಟಣ ಇಟ್ಟರೆ ತಿಂದ ಮೇಲೆ ಎಲೆ ಬಿಸಾಡಬಹುದು, ಡಬ್ಬಿ ಜಿಡ್ಡಾಗುವುದಿಲ್ಲ. ಎಕಾನಮಿಯಲ್ಲಿ ಕೈಚೀಲಕ್ಕೆ ಸಾಮಾನ್ಯವಾಗಿ 7 ಕೆಜಿ ಮಿತಿ, ನಾಲ್ವರ ಬುತ್ತಿ ಎರಡು ಕೆಜಿ ತೂಗುತ್ತದೆ. ಒಬ್ಬರ ಚೀಲಕ್ಕೇ ಹೊರಿಸದೆ ಹಂಚಿ.

ಮೇಲೆ ನಾಲಿಗೆಯೂ ಮಂಕಾಗುತ್ತದೆ. ಒಣಗಾಳಿಯಲ್ಲಿ ಮೂಗು ಒಣಗಿ ವಾಸನೆ ಹತ್ತುವುದಿಲ್ಲ, ಉಪ್ಪು ಸಿಹಿ ಕಡಿಮೆ ಅನಿಸುತ್ತವೆ. ಹಾಗೆಂದು ಉಪ್ಪು ಜಾಸ್ತಿ ಹಾಕಿದರೆ ಬಾಯಾರಿಕೆ ಹೆಚ್ಚುತ್ತದೆ. ಹುಳಿ, ಖಾರ, ಇಂಗಿನ ಒಗ್ಗರಣೆ ಒಂದು ಕೈ ಮುಂದಿರಲಿ. ಪುಳಿಯೋಗರೆ ಅಲ್ಲಿ ಗೆಲ್ಲುವುದಕ್ಕೆ ಇದೂ ಕಾರಣ.

ಭದ್ರತಾ ತಪಾಸಣೆಯಲ್ಲಿ ತಡೆಯುವುದು ಮುಖ್ಯವಾಗಿ ನೀರಾಗಿರುವುದು, ಎಣ್ಣೆಯಲ್ಲಿ ತೇಲುವುದು, ಖಾರದ ಪುಡಿ. ಉಪ್ಪಿನಕಾಯಿ, ತುಪ್ಪದ ಬಾಟಲಿ, ಮೆಣಸಿನಪುಡಿ ಕೈಚೀಲದಲ್ಲಿ ಬೇಡ, ಸೋರದಂತೆ ಕಟ್ಟಿ ಚೆಕ್-ಇನ್ ಸಾಮಾನಿಗೆ ಹಾಕಿ. ಒಣ ಕೊಬ್ಬರಿ ಗಿಟುಕನ್ನು ಚೆಕ್-ಇನ್‌ಗೂ ಹಾಕಬೇಡಿ. ಅದರ ಎಣ್ಣೆ ತಾನಾಗಿ ಕಾದು ಹೊತ್ತಿಕೊಳ್ಳಬಹುದೆಂದು ಅದು ಅಪಾಯಕಾರಿ ಸರಕಿನ ಪಟ್ಟಿಯಲ್ಲಿದೆ. ಇಡೀ ತೆಂಗಿನಕಾಯಿಗೂ ಕೈಚೀಲದಲ್ಲಿ ಅವಕಾಶವಿಲ್ಲ. ಶಬರಿಮಲೆ ಯಾತ್ರಿಕರ ಇರುಮುಡಿ ಗಂಟಿನ ಕಾಯಿಗೆ 2024ರ ಅಕ್ಟೋಬರಿನಿಂದ 2025ರ ಜನವರಿ 20ರವರೆಗೆ ಕೊಟ್ಟಂಥ ಸಡಿಲಿಕೆ ಯಾತ್ರೆಯ ಕಾಲಕ್ಕೆ ಮಾತ್ರ. ಹಸುಗೂಸಿನ ಹಾಲು, ಆಹಾರಕ್ಕೆ ಪ್ರಯಾಣಕ್ಕೆ ಬೇಕಾದಷ್ಟು ರಿಯಾಯಿತಿ ಇದೆ, ಕೇಳಿದಾಗ ತೆಗೆದು ತೋರಿಸಿ. ಕೊನೆಯ ಮಾತು ಅಲ್ಲಿ ನಿಂತ ಭದ್ರತಾ ಸಿಬ್ಬಂದಿಯದೇ, ವಾದಕ್ಕೆ ನಿಂತರೆ ವಿಮಾನ ತಪ್ಪೀತು.

ನೀರಿಗೆ ಖಾಲಿ ಬಾಟಲಿ ಒಯ್ದು, ತಪಾಸಣೆ ದಾಟಿದ ಮೇಲೆ ಕುಡಿಯುವ ನೀರಿನ ನಲ್ಲಿಯಲ್ಲಿ ತುಂಬಿಸಿ. ಕೋಲ್ಕತಾ ನಿಲ್ದಾಣದಲ್ಲಿ 2024ರ ಡಿಸೆಂಬರಿನಲ್ಲಿ ಶುರುವಾದ ಉಡಾನ್ ಯಾತ್ರಿ ಕೆಫೆಯಲ್ಲಿ ಚಹಾ, ನೀರಿನ ಬಾಟಲಿ ಹತ್ತತ್ತು ರೂಪಾಯಿಗೆ ಸಿಗುವಂತೆ ಮಾಡಿದರು. ಚೆನ್ನೈಗೂ ಬಂದಿದೆ. ಇಂಥದು ಇರುವ ನಿಲ್ದಾಣದಲ್ಲಿ ಬುತ್ತಿ ನಿಮ್ಮದು, ಚಹಾ ಅವರದು ಮಾಡಿಕೊಳ್ಳಿ. ಇನ್ನೊಂದು, ವಿಮಾನ ತಡವಾದರೆ ಸುಮ್ಮನೆ ಕೂರಬೇಡಿ. ವಿಮಾನಯಾನ ಮಹಾನಿರ್ದೇಶನಾಲಯದ ನಿಯಮದಂತೆ ಎರಡೂವರೆ ಗಂಟೆಯೊಳಗಿನ ಹಾರಾಟ ಎರಡು ಗಂಟೆ ತಡವಾದರೆ, ಎರಡೂವರೆಯಿಂದ ಐದು ಗಂಟೆಯದು ಮೂರು ಗಂಟೆ ತಡವಾದರೆ, ಹೊತ್ತಿಗೆ ಸರಿಯಾಗಿ ಚೆಕ್-ಇನ್ ಮಾಡಿದವರಿಗೆ ಕಂಪನಿ ತಿಂಡಿ ಊಟ ಕೊಡಬೇಕು. ಬೆಂಗಳೂರಿನಿಂದ ಮುಂಬೈಯ ಹಾರಾಟ ಮೊದಲ ಲೆಕ್ಕಕ್ಕೆ, ದೆಹಲಿಯದು ಎರಡನೆಯದಕ್ಕೆ ಬರುತ್ತದೆ. ಇದು ನೆನಪಿರಲಿ, ಕೌಂಟರಿಗೆ ಹೋಗಿ ಕೇಳಬೇಕು. ಸಕ್ಕರೆ ಕಾಯಿಲೆಯವರು ಮಾತ್ರ ಆ ಊಟಕ್ಕೆ ಕಾಯದೆ, ನಿಪ್ಪಟ್ಟಿನ ಜೊತೆಗೊಂದು ಬಾಳೆಹಣ್ಣು ಕೈಗೆಟಕುವಲ್ಲಿ ಇಟ್ಟಿರಲಿ. ಮೇಲಿನ ಬಾಕ್ಸಿಗೆ ಹಾಕಿದ ಬುತ್ತಿ ಸೀಟ್‌ಬೆಲ್ಟ್ ದೀಪ ಆರುವ ತನಕ ಇದ್ದೂ ಇಲ್ಲದಂತೆ.

ಹೊರದೇಶಕ್ಕಾದರೆ ಲೆಕ್ಕವೇ ಬೇರೆ. ದ್ರವ, ಗಟ್ಟಿ ಗೊಜ್ಜು, ಚಟ್ನಿ, ಮೊಸರು ಎಲ್ಲಕ್ಕೂ 100 ಮಿಲಿ ಮಿತಿ. ನಡುವೆ ದುಬೈ, ದೋಹಾದಲ್ಲಿ ವಿಮಾನ ಬದಲಿಸುವಾಗ ಮತ್ತೊಮ್ಮೆ ತಪಾಸಣೆ. ಅಮೆರಿಕಕ್ಕೆ ಹೋಗುವಾಗ ಕೈಚೀಲದಲ್ಲಿ 350 ಮಿಲಿಗಿಂತ ಹೆಚ್ಚು ಪುಡಿಯಿದ್ದರೆ ಬಿಚ್ಚಿಸಿ ನೋಡಬಹುದು, ಹಾಗಾಗಿ ಮಗಳಿಗೆಂದು ಒಯ್ಯುವ ಸಾರಿನಪುಡಿ ಚೆಕ್-ಇನ್‌ಗೆ ಹೋಗಲಿ. ಹಸಿ ಕರಿಬೇವು ಅಲ್ಲಿಗೆ ಬೇಡ, ನಿಂಬೆ ಜಾತಿಯ ಗಿಡಗಳ ರೋಗ ಹರಡುವ ಕೀಟ ಅದರಲ್ಲಿ ಬರುತ್ತದೆ. ಅಕ್ಕಿಯನ್ನೂ ಧಾನ್ಯ ತಿನ್ನುವ ಖಪ್ರಾ ಕೀಟದ ಭಯಕ್ಕೆ ಭಾರತದಿಂದ ಪ್ರಯಾಣಿಕರು ತರುವಂತಿಲ್ಲ. ಯುರೋಪಿನ ಒಕ್ಕೂಟದ ದೇಶಗಳಿಗೆ ಮಾಂಸ, ಹಾಲಿನ ಪದಾರ್ಥ ಸಲ್ಲದು, ಧಾರವಾಡ ಪೇಡೆಯ ಪೊಟ್ಟಣ ಬಿಟ್ಟು ಹೋಗಿ.

ದುಬೈ, ಅಬುಧಾಬಿ, ಸಿಂಗಪುರಕ್ಕೆ ಹೋಗುವವರು ಗಸಗಸೆಯನ್ನು ಒಂದು ಚಿಟಿಕೆಯೂ ಒಯ್ಯಬೇಡಿ. ಅಲ್ಲಿ ಅದಕ್ಕೆ ನಿಷೇಧವಿದೆ, ಜೈಲಿನವರೆಗೂ ಹೋಗುವ ಮಾತು. ಪಾಯಸಕ್ಕೆಂದು ಇಟ್ಟುಕೊಂಡದ್ದಷ್ಟೇ ಅಲ್ಲ. ಎಷ್ಟೋ ಮನೆಗಳ ಬಿಸಿಬೇಳೆಬಾತ್ ಪುಡಿ, ಸಾಗು ಮಸಾಲೆಗೆ ಗಸಗಸೆ ಬಿದ್ದಿರುತ್ತದೆ. ಪುಡಿ ಕುಟ್ಟಿಸಿದವರನ್ನು ಕೇಳಿ ತಿಳಿದುಕೊಂಡೇ ಕಟ್ಟಿ.

ವಿಮಾನದಲ್ಲಿ ತಿನ್ನಲೆಂದು ಒಯ್ದ ಹಣ್ಣು, ಚಪಾತಿ ಉಳಿದರೆ ಇಳಿಯುವ ಮುಂಚೆ ಸಿಬ್ಬಂದಿ ಕಸ ತೆಗೆದುಕೊಳ್ಳಲು ಬಂದಾಗಲೇ ಕೊಟ್ಟುಬಿಡಿ. ವಿಮಾನದಲ್ಲೇ ಕೊಟ್ಟ ಸೇಬನ್ನೂ ಚೀಲಕ್ಕೆ ಹಾಕಿಕೊಳ್ಳಬೇಡಿ. ಅಮೆರಿಕ, ಆಸ್ಟ್ರೇಲಿಯಾದಲ್ಲಿ ಆಹಾರವಿದೆಯೇ ಎಂಬ ಪ್ರಶ್ನೆಗೆ ಚಕ್ಕುಲಿ ಪೊಟ್ಟಣವಿದ್ದರೂ ಹೌದು ಎಂದೇ ಉತ್ತರಿಸಿ. ಇದೆಯೆಂದು ಹೇಳಿದರೆ ಹೆಚ್ಚೆಂದರೆ ಪೊಟ್ಟಣ ಹೋಗುತ್ತದೆ, ಇಲ್ಲವೆಂದು ಹೇಳಿ ಸಿಕ್ಕಿಬಿದ್ದರೆ ಬುತ್ತಿಯಲ್ಲಿ ಉಳಿಸಿದ ದುಡ್ಡಿನ ಹತ್ತಾರು ಪಟ್ಟು ದಂಡ.