ಮೊದಲು ಟೈರ್, ಆಮೇಲೆ ವೀಲ್

ಹೊಸದಾಗಿ ರೋಡ್ ಬೈಕ್ ಕೊಂಡವರಿಗೆ (ಮೋಟಾರಿನದಲ್ಲ, ಬಾಗಿದ ಹ್ಯಾಂಡಲ್ಲಿನ ಸಪೂರ ಟೈರಿನ ಸೈಕಲ್) ಒಂದಷ್ಟು ತಿಂಗಳಾದ ಮೇಲೆ ಚಕ್ರ ಬದಲಿಸುವ ಆಸೆ ಹುಟ್ಟುತ್ತದೆ. ತಪ್ಪೇನಿಲ್ಲ. ಆದರೆ ದಾವಣಗೆರೆಯಲ್ಲಿ ಬೆಳಗಿನ ಹೊತ್ತು ಹೆದ್ದಾರಿ 48ರ ಸರ್ವೀಸ್ ರಸ್ತೆಗೆ ಬಂದು ನೋಡಿ. ಹೊಸ ಟೈರ್, ಹೊಸ ಟ್ಯೂಬ್ ಹಾಕಿಸಿದವರೇ ಪಕ್ಕದಲ್ಲಿ ಸೈಕಲ್ ಮಲಗಿಸಿಕೊಂಡು ಕೂತಿರುತ್ತಾರೆ. ಬೈಗುಳವೆಲ್ಲ ಜಾಲಿ ಮುಳ್ಳಿಗೆ. ಟ್ಯೂಬ್ ಬಿಚ್ಚಿ ನೋಡಿದರೆ ಎಷ್ಟೋ ಸಲ ಮುಳ್ಳಿನ ಗುರುತೇ ಇರುವುದಿಲ್ಲ. ಹಾಕುವಾಗಲೇ ಟ್ಯೂಬ್ ಹರಿದಿರುತ್ತದೆ.

ಹಾಗಾಗಿ ದುಡ್ಡು ಹಾಕುವ ಕ್ರಮ ಹೀಗಿರಲಿ: ಮೊದಲು ಟೈರ್ ಮತ್ತು ಟ್ಯೂಬ್, ಜೊತೆಗೆ ಮೀಟರ್ ಇರುವ ಒಳ್ಳೆಯ ನೆಲದ ಪಂಪ್, ಕೊನೆಗೆ ವೀಲ್, ಅಂದರೆ ರಿಮ್, ಕಡ್ಡಿ, ನಡುವಿನ ಹಬ್ ಸೇರಿದ ಚಕ್ರ. ಅಗ್ಗದ ಸೈಕಲ್ಲಿಗೆ ಕಂಪನಿ ಹಾಕಿ ಕೊಡುವ ಟೈರ್ ದಪ್ಪ, ತೂಕ ಜಾಸ್ತಿ. ಅದನ್ನು ಬದಲಿಸಿದರೆ ಮೊದಲ ದಿನವೇ ವ್ಯತ್ಯಾಸ ಗೊತ್ತಾಗುತ್ತದೆ.

ಹಂತ 1: ಅಳತೆ ನೋಡಿ

ಟೈರಿನ ಪಕ್ಕದಲ್ಲಿ 25-622 ಅಥವಾ 28-622 ಎಂದು ಬರೆದಿರುತ್ತದೆ. ಮೊದಲನೆಯದು ಅಗಲ, ಎರಡನೆಯದು ಟೈರ್ ಕೂರುವ ಜಾಗದ ವ್ಯಾಸ, ಎರಡೂ ಮಿಲಿಮೀಟರಿನಲ್ಲಿ. 622 ಬದಲಾಗಬಾರದು. ಅಗಲ ಮಾತ್ರ ನಿಮ್ಮಿಷ್ಟ. ಫ್ರೇಮ್, ಫೋರ್ಕ್, ಬ್ರೇಕ್ ಎಲ್ಲೂ ಟೈರಿಗೆ 4 ಮಿ.ಮೀ.ಗಿಂತ ಕಡಿಮೆ ಜಾಗ ಉಳಿಯಬಾರದು.

ಜಾಗ ಇದ್ದರೆ 28 ಹಾಕಿ. 23 ಹಾಕಿದರೆ ಓಡುತ್ತೆ ಅಂತ ಹೇಳುವವರ ಮಾತು ಕೇಳಬೇಡಿ. ಕೊಯ್ಲಿನ ಕಾಲದಲ್ಲಿ ನಮ್ಮ ಹಳ್ಳಿ ರಸ್ತೆಗಳಲ್ಲಿ ಅರ್ಧ ಭಾಗ ಮೆಕ್ಕೆಜೋಳ ಒಣಗುತ್ತಿರುತ್ತದೆ. ಇಳಿದು ಅಂಚಿನ ಮಣ್ಣಿನಲ್ಲೇ ಹೋಗಬೇಕು. ಅಲ್ಲಿ ನೆಗ್ಗಿಲು ಮುಳ್ಳು, ಹೆದ್ದಾರಿ ಪಕ್ಕದಲ್ಲಾದರೆ ಒಡೆದ ಲಾರಿ ಟೈರಿನ ಸಣ್ಣ ತಂತಿ. ಒಳಗೆ ಪಂಕ್ಚರ್ ತಡೆಯುವ ಪದರ ಇರುವ ಟೈರನ್ನೇ ಕೇಳಿ. ಕಾಂಟಿನೆಂಟಲ್ ಗೇಟರ್‌ಸ್ಕಿನ್ ಥರದ್ದು. ಸ್ವಲ್ಪ ಭಾರ, ಇರಲಿ ಬಿಡಿ.

ಹಂತ 2: ಬಿಚ್ಚುವುದು

ಚೈನನ್ನು ಹಿಂದಿನ ಅತಿ ಸಣ್ಣ ಹಲ್ಲುಚಕ್ರಕ್ಕೆ ತಂದು ಹಿಂದಿನ ಚಕ್ರ ತೆಗೆಯಿರಿ, ಗಾಳಿ ಪೂರ್ತಿ ಬಿಡಿ, ಪ್ಲಾಸ್ಟಿಕ್ ಲಿವರಿನಲ್ಲಿ ಟೈರ್ ಕಳಚಿ. ಅಷ್ಟೆ.

ಹಂತ 3: ಹಾಕುವುದು, ಎಲ್ಲರೂ ಕೆಡಿಸುವುದು ಇಲ್ಲೇ

ಮೊದಲು ರಿಮ್ಮಿನ ಒಳಗಿನ ಟೇಪ್ ಮೇಲೆ ಬೆರಳಾಡಿಸಿ. ಟೇಪ್ ಸರಿದು ಕಡ್ಡಿಯ ತೂತು ಕಾಣುತ್ತಿದ್ದರೆ ಟ್ಯೂಬ್ ಅಲ್ಲೇ ಕುಯ್ದುಕೊಳ್ಳುತ್ತದೆ. ಹಳೇ ಟ್ಯೂಬಿನ ತೂತು ರಿಮ್ ಕಡೆಗಿದ್ದರೆ ತಪ್ಪು ಟೇಪಿನದು, ಹೊರಗಡೆಗಿದ್ದರೆ ಮುಳ್ಳಿನದು. ಹಳೇ ಟೈರನ್ನೇ ಮತ್ತೆ ಹಾಕುವುದಾದರೆ ಒಳಗೆ ಹತ್ತಿ ಬಟ್ಟೆ ಆಡಿಸಿ. ತಂತಿಯ ಚೂರಿದ್ದರೆ ಬಟ್ಟೆಗೆ ಸಿಕ್ಕಿಕೊಳ್ಳುತ್ತದೆ. ಅಲ್ಲಿ ಬೆರಳು ಆಡಿಸಬೇಡಿ.

ಟೈರಿನ ಬಾಣದ ಗುರುತು ಚಕ್ರ ತಿರುಗುವ ದಿಕ್ಕಿಗಿರಲಿ. ಕಂಪನಿಯ ಹೆಸರು ವಾಲ್ವ್ ಹತ್ತಿರ ಬರುವಂತೆ ಇಟ್ಟುಕೊಳ್ಳಿ. ಮುಂದೆ ಪಂಕ್ಚರಾದಾಗ ಟ್ಯೂಬನ್ನು ಟೈರಿನ ಪಕ್ಕ ಹಿಡಿದರೆ ಮುಳ್ಳು ಎಲ್ಲಿದೆ ಎಂದು ಥಟ್ಟನೆ ಸಿಗುತ್ತದೆ.

ಒಂದು ಕಡೆಯ ಅಂಚನ್ನು ಪೂರ್ತಿ ರಿಮ್ಮಿಗೆ ಕೂರಿಸಿ. ಟ್ಯೂಬಿಗೆ ದುಂಡಗೆ ನಿಲ್ಲುವಷ್ಟು ಮಾತ್ರ ಗಾಳಿ ಹಾಕಿ, ವಾಲ್ವ್ ತೂರಿಸಿ, ಸುತ್ತಲೂ ಮಡಿಕೆ ಬೀಳದಂತೆ ಒಳಗೆ ಸೇರಿಸಿ. ಈಗ ಎರಡನೇ ಅಂಚು. ಇದನ್ನು ವಾಲ್ವಿನ ಎದುರುಗಡೆಯಿಂದ ಶುರು ಮಾಡಿ, ಎರಡೂ ಕೈಯಲ್ಲಿ ಎರಡೂ ಬದಿಯಿಂದ ಒತ್ತುತ್ತಾ ವಾಲ್ವ್ ಹತ್ತಿರ ಮುಗಿಸಬೇಕು. ಬಹಳ ಜನ ಇದನ್ನೇ ಉಲ್ಟಾ ಮಾಡುತ್ತಾರೆ. ರಿಮ್ಮಿನ ನಡುವೆ ಒಂದು ತಗ್ಗು ಇರುತ್ತದೆ. ಅಂಚು ಆ ತಗ್ಗಿಗೆ ಇಳಿದರೆ ಮಾತ್ರ ಎದುರು ಬದಿಯಲ್ಲಿ ಸಡಿಲ ಸಿಗುತ್ತದೆ. ವಾಲ್ವ್ ಇರುವ ಕಡೆ ಅದರ ಬುಡ ಅಡ್ಡ ಬರುವುದರಿಂದ ಅಂಚು ತಗ್ಗಿಗೆ ಇಳಿಯುವುದಿಲ್ಲ. ಅದಕ್ಕೇ ಆ ಜಾಗ ಕೊನೆಗೆ.

ಕೊನೆಯ ಒಂದು ಗೇಣು ಬಿಗಿಯಾಗಿ ನಿಂತುಬಿಡುತ್ತದೆ. ಸ್ಕ್ರೂಡ್ರೈವರ್ ಕೈಗೆ ಬರುವುದು ಆಗಲೇ. ಬೇಡ! ಲಿವರ್ ಕೂಡ ಬೇಡ. ಟ್ಯೂಬಿನಲ್ಲಿರುವ ಗಾಳಿ ಬಿಡಿ. ಎದುರು ಬದಿಗೆ ಹೋಗಿ ಎರಡೂ ಅಂಚನ್ನು ಹೆಬ್ಬೆರಳಿನಿಂದ ಹಿಂಡಿ ತಗ್ಗಿಗೆ ಇಳಿಸುತ್ತಾ, ಸಿಕ್ಕ ಸಡಿಲವನ್ನು ಎರಡೂ ಕೈಯಿಂದ ಎಳೆದುಕೊಂಡು ವಾಲ್ವ್ ಕಡೆಗೆ ಬನ್ನಿ. ಎರಡು ಮೂರು ಸುತ್ತು ಹೀಗೆ ಮಾಡಿದರೆ ಉಳಿದಿದ್ದು ಅಂಗೈ ಬುಡದಿಂದ ಒತ್ತಿದಾಗ ಟಪ್ ಅಂತ ಕೂರುತ್ತದೆ.

ಆಯಿತು ಅಂತ ತಕ್ಷಣ ಪಂಪ್ ಹಿಡಿಯಬೇಡಿ. ವಾಲ್ವನ್ನು ಒಮ್ಮೆ ಒಳಕ್ಕೆ ತಳ್ಳಿ ಹೊರಕ್ಕೆ ಎಳೆಯಿರಿ, ಬುಡದಲ್ಲಿ ಸಿಕ್ಕಿಕೊಂಡ ಟ್ಯೂಬ್ ಬಿಡಿಸಿಕೊಳ್ಳುತ್ತದೆ. ಆಮೇಲೆ ಅಂಚನ್ನು ಪಕ್ಕಕ್ಕೆ ಸರಿಸುತ್ತಾ ಎರಡೂ ಬದಿ ಸುತ್ತ ನೋಡಿ. ಎಲ್ಲಿಯಾದರೂ ಕಪ್ಪು ಟ್ಯೂಬ್ ಇಣುಕಿದರೆ ಅಲ್ಲೇ ಪಂಕ್ಚರ್ ಕಾದಿದೆ. 30 ಪಿಎಸ್‌ಐ (ಪಂಪಿನ ಮೀಟರ್ ತೋರಿಸುವ ಗಾಳಿಯ ಒತ್ತಡ) ಹಾಕಿ ನಿಲ್ಲಿಸಿ. ಟೈರಿನ ಪಕ್ಕದಲ್ಲಿ ರಿಮ್ಮಿಗೆ ಸಮನಾಗಿ ಓಡುವ ಸಣ್ಣ ಗೆರೆ ಕಾಣುತ್ತದೆ. ಅದು ಎಲ್ಲೂ ಮುಳುಗಿರಬಾರದು. ಮುಳುಗಿದ್ದರೆ ಗಾಳಿ ಬಿಟ್ಟು ಆ ಜಾಗಕ್ಕೆ ಸೋಪಿನ ನೀರು ಸವರಿ ಮತ್ತೆ ಹಾಕಿ.

ಹಂತ 4: ಗಾಳಿ

ಟೈರ್ ಮೇಲೆ ಬರೆದಿರುವುದು ಗರಿಷ್ಠ ಮಿತಿ. ಅಷ್ಟು ಹಾಕಲೇಬೇಕು ಅಂತ ಅರ್ಥ ಅಲ್ಲ. 70 ಕೆ.ಜಿ. ತೂಕದವರಿಗೆ 28ರ ಟೈರಿನಲ್ಲಿ ಮುಂದೆ 70, ಹಿಂದೆ 75 ಪಿಎಸ್‌ಐ ಸಾಕು. ತೀರಾ ಕಡಿಮೆಯಾದರೆ ಗುಂಡಿಗೆ ಬಿದ್ದಾಗ ಟ್ಯೂಬ್ ರಿಮ್ಮಿಗೆ ಸಿಕ್ಕಿ ಹಾವು ಕಚ್ಚಿದಂತೆ ಎರಡು ತೂತಾಗುತ್ತದೆ. ಪೆಟ್ರೋಲ್ ಬಂಕಿನ ಗಾಳಿ ನಂಬಬೇಡಿ. ಅಲ್ಲಿನ ಪೈಪು ನಿಮ್ಮ ಸಪೂರ ಪ್ರೆಸ್ಟಾ ವಾಲ್ವಿಗೆ ಹತ್ತುವುದೇ ಇಲ್ಲ.

ಹಂತ 5: ಇನ್ನೂ ದುಡ್ಡಿದ್ದರೆ ವೀಲ್

ಇಲ್ಲಿ ಮೋಸ ಹೋಗುವುದು ಹಿಂದಿನ ಹಬ್ಬಿನಲ್ಲಿ. ಏಳು ಗೇರಿನ ಸೈಕಲ್ಲುಗಳಲ್ಲಿ ಬಹಳಷ್ಟಕ್ಕೆ ತಿರುಪಿನ ಹಾಗೆ ಸುತ್ತಿ ಕೂರಿಸುವ ಫ್ರೀವೀಲ್ (ಹಿಂದಿನ ಗೇರ್ ಹಲ್ಲುಚಕ್ರಗಳ ಗೊಂಚಲು) ಇರುತ್ತದೆ. ಹೊಸ ಚಕ್ರಗಳಿಗೆ ಬೇಕಾಗುವುದು ಅದೇ ಗೊಂಚಲಿನ ಇನ್ನೊಂದು ಬಗೆ, ಜಾರಿಸಿ ಕೂರಿಸುವ ಕ್ಯಾಸೆಟ್. ಒಂದಕ್ಕೊಂದು ಹೊಂದುವುದಿಲ್ಲ, ಹಾಗಾಗಿ ಕ್ಯಾಸೆಟ್ ಖರ್ಚನ್ನೂ ಸೇರಿಸಿಕೊಳ್ಳಿ. 11 ಗೇರಿನ ಶಿಮಾನೊ ಹಬ್ಬಿಗೆ 8 ಅಥವಾ 9 ಗೇರಿನ ಕ್ಯಾಸೆಟ್ ಹಾಕುವಾಗ 1.85 ಮಿ.ಮೀ. ಸ್ಪೇಸರ್ (ಜಾಗ ತುಂಬುವ ತೆಳು ಬಳೆ) ಬೇಕು, ಇಲ್ಲದಿದ್ದರೆ ಅದು ಅಲ್ಲಾಡುತ್ತದೆ. ಹಬ್ಬಿನ ಅಗಲವೂ ನೋಡಿ: ರಿಮ್ ಬ್ರೇಕಿನದು ಸಾಮಾನ್ಯವಾಗಿ 130, ಡಿಸ್ಕ್ ಬ್ರೇಕಿನದು 135 ಅಥವಾ 142 ಮಿ.ಮೀ.

ಆಳ ರಿಮ್ಮಿನ ಕಾರ್ಬನ್ ಚಕ್ರ ಫೋಟೋಗೆ ಚೆಂದ. ಚಿತ್ರದುರ್ಗದ ಗುಡ್ಡಗಳ ಮೇಲೆ ಗಾಳಿಯಂತ್ರ ಸುಮ್ನೆ ನಿಲ್ಲಿಸಿಲ್ಲ ಅಲ್ವಾ? ಆ ಅಡ್ಡಗಾಳಿಗೆ ಆಳದ ರಿಮ್ ಹ್ಯಾಂಡಲನ್ನೇ ಎಳೆಯುತ್ತದೆ. ಆಳ 30 ಮಿ.ಮೀ. ದಾಟದ ಅಲ್ಯೂಮಿನಿಯಂ ರಿಮ್, 28 ಅಥವಾ 32 ಮಾಮೂಲಿ ದುಂಡು ಕಡ್ಡಿ, ಇಷ್ಟೇ ಕೇಳಿ. ಕಡ್ಡಿ ಮುರಿದರೆ ಊರಿನ ಅಂಗಡಿಯಲ್ಲೇ ಹಾಕಿಸಿ ಬೆಂಡ್ ತೆಗೆಸಬಹುದು. ಚಪ್ಪಟೆ ಕಡ್ಡಿಯಾದರೆ ಬೆಂಗಳೂರಿನಿಂದ ಬರುವ ತನಕ ಸೈಕಲ್ ಗೋಡೆಗೆ ಒರಗಿರುತ್ತದೆ.

ಹೊಸ ಚಕ್ರ ಹಾಕಿದ ಮೇಲೆ, ರಿಮ್ ಬ್ರೇಕ್ ಆದರೆ, ಬ್ರೇಕ್ ಪ್ಯಾಡ್ ಟೈರಿಗೆ ತಾಗದೆ ರಿಮ್ಮಿಗೇ ಕೂರುವಂತೆ ಮತ್ತೆ ಹೊಂದಿಸಿ, ಹಿಂದೆ ಗೇರ್ ಬದಲಿಸುವ ಭಾಗ ಚಕ್ರದ ಕಡ್ಡಿಗಳಿಗೆ ಹೋಗಿ ಸಿಕ್ಕುತ್ತಿಲ್ಲ ತಾನೇ ಎಂದು ಕೈಯಲ್ಲಿ ತಿರುಗಿಸಿ ನೋಡಿ. ಕಡ್ಡಿಗಳು ಮೊದಲ ಒಂದಷ್ಟು ಓಡಾಟದಲ್ಲಿ ಸಡಿಲಾಗುತ್ತವೆ. ಒಂದು ಸಲ ಬಿಗಿ ಮಾಡಿಸಿದ ಮೇಲೆಯೇ ದುರ್ಗದ ಕಡೆ ಹೊರಡಿ.